ಝೀರೋ ಬಲ್ಬು

ಅಂಗಡಿಯ ಪಠಾಣ ‘ಬಡ್ಜಿ’ ಅಂದ, ನಾವು ‘ಬಜ್ಜಿ’ ಅಂದೆವು,
ನಕ್ಕೆವು. ಹಸಿರೊಂದು, ನೀಲಿಯೊಂದು.
ಶಾರ್ಜಾದ ರೋಲಾ, ಮೂರನೇ ಮಹಡಿ:
ಏಳು ಮಂಚ, ಒಂದು ಕಿಟಕಿ, ಒಂದು ಏಸಿ,
ಈಗ ಒಂದು ಪಂಜರ.
ತಂದವನು ಲಿಗೋರಿ. ಬೈದವರು ಉಳಿದ ಆರು ಮಂದಿ.
‘ಮನುಷ್ಯರಿಗೇ ಜಾಗವಿಲ್ಲ’ ಎಂದವನು ನಾನೇ.

ಹಗಲೆಲ್ಲ ಅವುಗಳದು ಸಂತೆಮಾತು.
ಕುಕ್ಕರಿನ ಸೀಟಿ, ಲಿಫ್ಟಿನ ಗಂಟೆ,
ಶೇಕಬ್ಬನ ಕೆಮ್ಮನ್ನೂ ಕಲಿತಿತ್ತು ಹಸಿರಿನದು.
ತಕರಾರೆಲ್ಲ ಇರುಳಿನದು.

ಮೊದಲ ವಾರವೇ, ಎರಡರ ಜಾವಕ್ಕೆ
ಡ್ಯೂಟಿ ಮುಗಿಸಿ ಬಂದ ಮೋನಪ್ಪ
ಟಕ್ಕೆಂದು ಟ್ಯೂಬ್‌ಲೈಟ್ ಹಾಕಿದ.
ಪಂಜರದೊಳಗೆ ಏನೋ ಸಿಡಿಯಿತು:
ರೆಕ್ಕೆ, ಸರಳು, ರೆಕ್ಕೆ, ಸರಳು,
ನೀರಿನ ಬಟ್ಟಲು ಮಗುಚಿತು,
ನವಣೆ ಸುರಿಯಿತು ನನ್ನ ಮುಖದ ಮೇಲೆ.
ನೀಲಿಯ ರೆಕ್ಕೆಯಲ್ಲಿ ರಕ್ತ,
ಗುಂಡುಸೂಜಿಯ ತಲೆಯಷ್ಟು.
ಮೋನಪ್ಪ ಬಾಗಿಲಲ್ಲೇ ನಿಂತಿದ್ದ,
ಟಿಫಿನ್ ಡಬ್ಬಿ ಎದೆಗೆ ಅವುಚಿಕೊಂಡು,
ಕೊಲೆ ಮಾಡಿ ಸಿಕ್ಕಿಬಿದ್ದವನ ಹಾಗೆ.

ಆಮೇಲೆ ಒಂದೊಂದೇ ತಿಳಿಯಿತು.
ಮೂರು ಮಗ್ಗುಲಿಗೆ ಬಟ್ಟೆ, ಒಂದು ಮಗ್ಗುಲು ತೆರೆದಿರಬೇಕು:
ಪೂರಾ ಕತ್ತಲೆಯೂ ಹಕ್ಕಿಗೆ ಒಂದು ಬೆಕ್ಕೇ.
ಹೊಸ ಟವೆಲಿನ ನೂಲಿಗೆ ಉಗುರು ಸಿಕ್ಕುತ್ತಿತ್ತು;
ಶೇಕಬ್ಬನ ಹಳೇ ಚೌಕುಳಿ ಲುಂಗಿ ಸಾಕಾಯಿತು,
ಒಗೆದೊಗೆದು ಕಿವಿಯಷ್ಟು ಮೆತ್ತಗಾದದ್ದು.
ಶವರ್ಮಾ ಅಂಗಡಿಯ ಬೋರ್ಡು ಕೆಂಪಗೆ ಮಿಟುಕುವ ಕಿಟಕಿಗೆ
ಅಡುಗೆಮನೆಯ ಬೆಳ್ಳಿಹಾಳೆ ಅಂಟಿಸಿದೆವು.
ಏಸಿಯ ಗಾಳಿ ನೇರ ಬೀಳದ ಮೂಲೆ
ಇದ್ದದ್ದು ಒಂದೇ, ನನ್ನ ತಲೆದೆಸೆ. ಕೊಟ್ಟೆ.
ಸುಳ್ಳೇಕೆ, ಚೀಟಿ ಎತ್ತಿ ಸೋತೆ.

ಇಶಾ ಬಾಂಗು ಮುಗಿದರೆ ಹೊದಿಕೆ,
ದಿನವೂ ಅದೇ ಹೊತ್ತು, ಅದೇ ಕೈ.
ತಡವಾಗಿ ಬಂದವರು ಹೊರಗೇ ಬೂಟು ಕಳಚಿ
ಬಾಗಿಲ ಸಂದಿಯಲ್ಲಿ ಪಿಸುಗುಟ್ಟಬೇಕು:
‘ನಾನು, ಮೋನಪ್ಪ.’ ‘ನಾನು, ಲಿಗೋರಿ.’
ಕಟ್ಟಿಕೊಂಡವಳಿಗೂ ಹೀಗೆ ಹೇಳಿ
ಒಳಗೆ ಬಂದವರಲ್ಲ ನಾವು.
ಮತ್ತೆ ಇರುಳಿಡೀ ಒಂದು ಝೀರೋ ಬಲ್ಬು.
ಹೆಸರು ಸೊನ್ನೆ. ಆದರೂ
ಕೊಕ್ಕಿನ ತುದಿ ಕಾಣುವಷ್ಟು ಹಳದಿ.

ದೇಜಪ್ಪನ ಕೆಲಸ ದುಬೈಯಲ್ಲಿ, ಗಾಜು ಒರೆಸುವುದು.
ರಂಜಾನ್ ತಿಂಗಳಲ್ಲಿ ಒಮ್ಮೆ,
ನಲವತ್ತನೇ ಮಹಡಿಯಲ್ಲಿ, ತೊಟ್ಟಿಲು ಒಂದು ಮಗ್ಗುಲಿಗೆ ವಾಲಿತ್ತಂತೆ.
ಗಾಯವೇನಿಲ್ಲ.
ಅಂದಿನಿಂದ ನಡುರಾತ್ರಿ ಎದ್ದು ಕುಳಿತು
ಮಂಚದ ಸರಳು ಹಿಡಿಯುತ್ತಿದ್ದ.
ನಾವ್ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
‘ರಾತ್ರಿಯಿಡೀ ದೀಪ ಯಾಕೆ? ಬಿಲ್ಲು ಯಾರು ಕಟ್ಟುತ್ತೀರಿ?’
ಎಂದು ಕೋಣೆಯ ಯಜಮಾನ ಬಂದಾಗ
‘ಹಕ್ಕಿಗೆ’ ಎಂದೆವು ಆರು ಮಂದಿ, ಒಂದೇ ಉಸಿರಿಗೆ.
ದೇಜಪ್ಪ ಗೋಡೆಯ ಕಡೆ ಮಗ್ಗುಲಾದ.

ಡಿಸೆಂಬರ್ ಎರಡು, ಇವರ ದೇಶದ ಹಬ್ಬ.
ಖಾಲಿದ್ ಲಗೂನಿನ ಮೇಲೆ ಬಾಣಬಿರುಸು,
ಬೀದಿಯುದ್ದ ಹಾರ್ನು, ಎಲ್ಲರೂ ತಾರಸಿಯಲ್ಲಿ.
ಜ್ವರವೆಂದು ಮಲಗಿದ್ದೆ ನಾನು.
ಲುಂಗಿಯೊಳಗೆ ಮತ್ತೆ ಆ ಬಡಿತ.
ನಾನು ಏಳುವಷ್ಟರಲ್ಲಿ ದೇಜಪ್ಪ ಪಂಜರದ ಮುಂದೆ
ಕುಕ್ಕರುಗಾಲಲ್ಲಿ ಕುಳಿತಿದ್ದ, ಮುಟ್ಟದೆ,
ಬಹಳ ಮೆಲ್ಲಗೆ ಕೂಗುತ್ತಿದ್ದ, ಹೌದು, ಮೆಲ್ಲಗೆ ಕೂಗು:
ಕಾರ್ಕಳದ ಬಸ್ಸಿನಲ್ಲಿ ಆರು ವರ್ಷ ಕಂಡಕ್ಟರಾಗಿದ್ದವನು.
‘ನಿಟ್ಟೆ, ನಿಟ್ಟೆ... ಬೆಳ್ಮಣ್... ನಂದಿಕೂರು ಇಳಿಯುವವರು...
ಪಡುಬಿದ್ರಿ... ರೈಟ್...’
ನಡುವೆ ಒಂದು ಪಟಾಕಿ.
‘ಹೆದರಬೇಡಿ, ಟೈರು. ಹೆಜಮಾಡಿ, ಹೆಜಮಾಡಿ...’

ಬಡಿತ ತಗ್ಗಿತು. ಸ್ವಲ್ಪ ಹೊತ್ತಿಗೆ
ಕರಕರ ಎಂದು ಕೊಕ್ಕು ಮಸೆಯುವ ಸದ್ದು;
ನಿದ್ದೆ ಬರುವ ಹಕ್ಕಿ ಹಾಗೆ ಮಾಡುತ್ತದಂತೆ.

ಈಗಲೂ ಕೆಲವು ರಾತ್ರಿ ಆ ಬಸ್ಸು ಹೊರಡುತ್ತದೆ.
ನಾನು ಗದಗಿನವನು, ಆ ದಾರಿ ಕಂಡವನಲ್ಲ.
ಮೂಲ್ಕಿಯ ಆಚೆ ಯಾವ ಊರು ಬರುತ್ತದೋ,
ಅಲ್ಲಿಯವರೆಗೆ ಎಚ್ಚರವಿದ್ದು ಗೊತ್ತಿಲ್ಲ.